ಹದಿಮೂರು ಇಂಚು ಕೇಳಿದ ಟೈಲರ್

ಭಾನುವಾರ, ಬೆಳಿಗ್ಗೆ ಆರೂವರೆ. ಸ್ಥಳ: ಕಾಪು ದೀಪಸ್ತಂಭದ ದಕ್ಷಿಣಕ್ಕಿರುವ ಚಪ್ಪಟೆ ಬಂಡೆ. ಹಾಜರಿದ್ದವರು ಏಳು ಮಂದಿ. ಗೈರುಹಾಜರಿ ಒಬ್ಬರದು, ಕಾರಣ, ಮಂಗಳವಾರ ಮಧ್ಯಾಹ್ನ ತೀರಿಕೊಂಡಿದ್ದಾರೆ.

ರಿಜಿಸ್ಟರಿನಲ್ಲಿ ನಾನು ಹೀಗೆಯೇ ಬರೆದೆ. ನಮ್ಮ ಗಾಳದ ಬಳಗಕ್ಕೆ ಹೆಸರಿಲ್ಲ, ನೋಂದಣಿಯಿಲ್ಲ, ಅಧ್ಯಕ್ಷರಿಲ್ಲ. ಆದರೆ ರಿಜಿಸ್ಟರು ಇದೆ. ಅದಕ್ಕೆ ಕಾರಣ ನಾನು. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಮೂವತ್ತೈದು ವರ್ಷ ದುಡಿದವಳು. ಕೊನೆಯ ಹತ್ತು ವರ್ಷ ನರ್ಸುಗಳ ಮೇಲ್ವಿಚಾರಕಿ. ನಿವೃತ್ತಿಯ ಮರುದಿನ ಎಂದಿನಂತೆ ನಾಲ್ಕೂವರೆಗೆ ಎಚ್ಚರವಾಯಿತು, ಐದಕ್ಕೆ ಸ್ನಾನ ಮುಗಿಯಿತು, ಐದೂಕಾಲಿಗೆ ಮಾಡಲು ಏನೂ ಉಳಿದಿರಲಿಲ್ಲ. ಒಂದು ವಾರ ಅಲೆವೂರಿನ ನಮ್ಮ ಮನೆಯ ಕಪಾಟುಗಳನ್ನೆಲ್ಲ ಜೋಡಿಸಿದೆ. ಎರಡನೆಯ ವಾರ ನನ್ನ ಮೈದುನ, ತನ್ನ ಕಪಾಟಿಗೂ ನಾನು ಕೈ ಹಾಕುತ್ತೇನೆಂದು ಹೆದರಿ, ಗಾಳದ ಕೋಲೊಂದನ್ನು ಕೈಗೆ ಕೊಟ್ಟು ಕಾಪುವಿನ ಬಂಡೆಯ ಮೇಲೆ ತಂದು ಬಿಟ್ಟ. ದಾರದ ಮೇಲೆ ಕಣ್ಣಿಟ್ಟು, ಏನೂ ಆಗದಿದ್ದರೂ ಎಚ್ಚರವಾಗಿರುವ ಕೆಲಸ. ನೈಟ್ ಡ್ಯೂಟಿ ಮಾಡಿದವರಿಗೆ ಅದು ಹೊಸತಲ್ಲ.

ತೀರಿಕೊಂಡವರು ನಮ್ಮ ಟೈಲರ್. ಅವರಿಗೊಂದು ಹೆಸರಿತ್ತು, ಒಳ್ಳೆಯ ಹೆಸರೇ. ಬಳಗದಲ್ಲಿ ಯಾರೂ ಅದನ್ನು ಬಳಸಿದ್ದು ನನಗೆ ನೆನಪಿಲ್ಲ. ಇಲ್ಲಿ ನಾನೂ ಬಳಸುವುದಿಲ್ಲ.

ಒಂದು ನಿಮಿಷ ಮೌನ ಎಂದು ನಾನೇ ಸೂಚಿಸಿದೆ. ಕೋಲುಗಳನ್ನು ಬಂಡೆಯ ಸಂದಿಗೆ ಸಿಕ್ಕಿಸಿ ಎಲ್ಲರೂ ಎದ್ದು ನಿಂತರು. ಇಪ್ಪತ್ತನೆಯ ಸೆಕೆಂಡಿಗೆ ಮ್ಯಾನೇಜರರ ಕೋಲು ಬಾಗಿತು. ಮ್ಯಾನೇಜರರೆಂದರೆ ಕಾರ್ಕಳದಿಂದ ಬರುವ ನಿವೃತ್ತ ಬ್ಯಾಂಕ್ ಮ್ಯಾನೇಜರರು. ಅವರು ಕೋಲನ್ನು ನೋಡಿದರು, ನನ್ನನ್ನು ನೋಡಿದರು. ನಾನು ಗಡಿಯಾರ ನೋಡಿದೆ. ಇನ್ನೂ ನಲವತ್ತು ಸೆಕೆಂಡು. ಅವರು ಕೈ ಕಟ್ಟಿಕೊಂಡು ನಿಂತರು. ದಾರ ಬಿಗಿಯಿತು, ನಡುಗಿತು, ಸಡಿಲಾಯಿತು.

ಮೌನ ಮುಗಿದ ಮೇಲೆ ಅವರು, “ಒಳ್ಳೆ ಮುರು ಮೀನು ಆಗಿತ್ತು,” ಎಂದರು. ಅದು ಶ್ರದ್ಧಾಂಜಲಿಯೋ ದೂರೋ ಸ್ವರದಿಂದ ತಿಳಿಯಲಿಲ್ಲ.

“ಹದಿಮೂರು ಇಂಚು ಇತ್ತೇನ್ರೀ?” ಎಂದು ಹಿಂದಿನಿಂದ ಟೈಲ್ಸ್ ಮೇಸ್ತ್ರಿ ಕೇಳಿದರು. ಗದಗದ ಕಡೆಯಿಂದ ಬಂದು ಉಡುಪಿಯಲ್ಲಿ ನೆಲೆಸಿರುವ ಈ ಮನುಷ್ಯ ಸಮುದ್ರ ನೋಡಿದ್ದೇ ಮೂವತ್ತನೆಯ ವಯಸ್ಸಿನಲ್ಲಿ. ಅವರ ಪ್ರಶ್ನೆಗೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಮೌನಕ್ಕಿಂತ ಆ ನಗುವೇ ಟೈಲರಿಗೆ ಹೆಚ್ಚು ಒಪ್ಪುವಂತಿತ್ತು. ಹದಿಮೂರು ಎಂಬ ಅಂಕಿಗಾಗಿ ಅವರು ನಮ್ಮೊಡನೆ ಒಂದು ಮಳೆಗಾಲದ ಕೊನೆಯಿಂದ ಇನ್ನೊಂದು ಮಳೆಗಾಲದ ಆರಂಭದವರೆಗೆ ವಾದಿಸಿದ್ದರು, ಮತ್ತು ಸೋತಿದ್ದರು. ಸೋಲಿಸಿದವಳು ನಾನು.

ಅದಕ್ಕೆ ಮೊದಲು ಹಳೆಯದೊಂದು ಜಗಳ ಹೇಳಬೇಕು.

ಟೈಲರಿಗೆ ಮಣಿಪಾಲದಲ್ಲಿ ಅಂಗಡಿಯಿತ್ತು. ಎರಡು ಮೆಷಿನು, ಒಂದು ಮೇಜು, ಗೋಡೆಯಲ್ಲಿ ಕಬ್ಬಿಣದ ಗಜಕೋಲು. ಪ್ರತಿ ತಿಂಗಳ ಒಂದನೆಯ ತಾರೀಕು ತನ್ನ ಬಟ್ಟೆಯ ಟೇಪುಗಳನ್ನೆಲ್ಲ ಆ ಕೋಲಿಗೆ ಹಿಡಿದು ನೋಡುತ್ತಿದ್ದರು. ಎಳೆದು ಎಳೆದು ಉದ್ದವಾದ ಟೇಪನ್ನು ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರು. ನರ್ಸಿಂಗ್ ವಿದ್ಯಾರ್ಥಿನಿಯರ ಬಿಳಿ ಯೂನಿಫಾರ್ಮು ಹೊಲಿಯುತ್ತಿದ್ದವರು ಅವರೇ. ಹಾಸ್ಟೆಲಿನ ಉಸ್ತುವಾರಿ ನನ್ನದಾದ ಮೊದಲ ವರ್ಷ, ಬಂದ ಕಟ್ಟನ್ನು ಬಿಚ್ಚಿ ಸ್ಕೇಲು ಹಿಡಿದು ಪರೀಕ್ಷಿಸಿದೆ. ಲಂಗದ ಅಂಚಿನ ಒಳಮಡಿಕೆ ಒಂದು ಇಂಚು ಇರಬೇಕೆಂದು ಕಾಗದದಲ್ಲಿ ಬರೆದು ಕೊಟ್ಟಿದ್ದೆ. ಎಲ್ಲದರಲ್ಲೂ ಎರಡು ಇಂಚು ಇತ್ತು. ಇಡೀ ಕಟ್ಟನ್ನು ವಾಪಸು ಕಳಿಸಿದೆ.

ಮರುದಿನ ಅವರೇ ಬಂದರು. ಗಿಡ್ಡ ಮೈ, ಅಂಗಿಯ ಕಾಲರಿನಲ್ಲಿ ಸಾಲಾಗಿ ಚುಚ್ಚಿದ ಗುಂಡುಪಿನ್ನುಗಳು, ಒಂದು ಕಣ್ಣು ಸ್ವಲ್ಪ ಕಿರಿದು. ನಾನು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೊಲಿಗೆ ತಪ್ಪಿದ್ದರೆ ಹೇಳಿ ಎಂದರು. ತಪ್ಪಿಲ್ಲ, ಅಳತೆ ತಪ್ಪಿದೆ ಎಂದೆ.

“ಅಳತೆ ತಪ್ಪಿದ್ದಲ್ಲ ಸಿಸ್ಟರ್. ಈ ಮಕ್ಕಳು ಬೆಳೀತಾರೆ,” ಎಂದರು.

ಹದಿನೆಂಟು ತುಂಬಿದವರು ಬೆಳೆಯುವುದಿಲ್ಲ ಎಂದು ನಾನು ಅವರಿಗೆ ಶರೀರಶಾಸ್ತ್ರ ಹೇಳಿದೆ. ತಲೆಯಾಡಿಸಿ ಕೇಳಿದರು, ನಮಸ್ಕಾರ ಹೇಳಿದರು, ಕಟ್ಟು ತೆಗೆದುಕೊಂಡು ಹೋದರು. ಮೂರು ದಿನದ ಮೇಲೆ ಕಟ್ಟು ಬಂತು. ನಾಲ್ಕೈದನ್ನು ಅಳೆದೆ, ಒಳಮಡಿಕೆ ಸರಿಯಾಗಿ ಒಂದು ಇಂಚು. ಸಮಾಧಾನವಾಯಿತು. ಆರು ತಿಂಗಳ ಮೇಲೆ ಹಾಸ್ಟೆಲಿನ ಹುಡುಗಿಯರು ಸಾಲುಗಟ್ಟಿ ಅವರ ಅಂಗಡಿಗೆ ಹೋಗುವುದು ಕಂಡಿತು. ಕೆಲವರು ಉದ್ದವಾಗಿದ್ದರು, ಉಳಿದವರು ಅಡ್ಡವಾಗಿದ್ದರು. ಟೈಲರ್ ಅಂಚಿನಲ್ಲಿ ಒಂದು ಇಂಚು ತೋರಿಸಿ, ಇನ್ನೊಂದು ಇಂಚನ್ನು ಅದರೊಳಗೇ ಮಡಚಿ, ಸೊಂಟದ ಕಡೆಯಲ್ಲೂ ಅಷ್ಟೇ ಅಡಗಿಸಿ ಹೊಲಿದಿದ್ದರು. ದುಡ್ಡು ಪಡೆಯದೆ ಎಲ್ಲವನ್ನೂ ಬಿಚ್ಚಿ ಸರಿ ಮಾಡಿಕೊಟ್ಟರು. ಆ ವಿಷಯ ಅವರು ನನಗೆ ಹೇಳಲಿಲ್ಲ, ನಾನು ಅವರನ್ನು ಕೇಳಲಿಲ್ಲ. ಮುಂದಿನ ವರ್ಷದ ಕಾಗದದಲ್ಲಿ ಒಳಮಡಿಕೆಯ ಸಾಲನ್ನು ನಾನೇ ತೆಗೆದುಬಿಟ್ಟೆ.

ಸಿದ್ಧ ಉಡುಪಿನ ಕಾಲ ಬಂದ ಮೇಲೆ ಅಂಗಡಿ ಮುಚ್ಚಿ ಕಾಪುವಿನ ಮನೆ ಸೇರಿದರು. ಹೀಗೆ ನಾವಿಬ್ಬರೂ ಮತ್ತೆ ಎದುರಾದದ್ದು ಬಂಡೆಯ ಮೇಲೆ. ನನ್ನನ್ನು ಕಂಡ ಕೂಡಲೆ ಕಿರಿಗಣ್ಣಿನಿಂದ ಒಮ್ಮೆ ಮೇಲೆ ಕೆಳಗೆ ನೋಡಿ, “ಎಡಭುಜ ಅರ್ಧ ಇಂಚು ಇಳಿದಿದೆ ಸಿಸ್ಟರ್. ಫೈಲು ಹಿಡಿದದ್ದಾ?” ಎಂದರು. ಕನ್ನಡಿಯ ಮುಂದೆ ಸ್ಕೇಲು ಹಿಡಿದು ನೋಡಿಕೊಂಡೆ. ಅರ್ಧ ಇಂಚು ಸರಿಯಾಗಿತ್ತು.

ಅವರಲ್ಲಿ ಕೋಲು ಇರಲಿಲ್ಲ. ಹೊಲಿಗೆ ದಾರ ಮುಗಿದ ದೊಡ್ಡ ಕೋನಿಗೆ ಗಾಳದ ದಾರ ಸುತ್ತಿಕೊಂಡು ಬರುತ್ತಿದ್ದರು. ಸಿಗಡಿಯನ್ನು ಕೊಕ್ಕೆಗೆ ಏರಿಸುವುದನ್ನು ನೋಡಬೇಕು, ಗುಂಡಿ ಹಚ್ಚಿದ ಹಾಗೆ. ದಾರ ನೀರಿಗಿಳಿದ ಮೇಲೆ ಬಂಡೆಯ ಅಂಚಿನಲ್ಲಿ ಕೂತು, ಬಲಗಾಲನ್ನು ಮೆಷಿನಿನ ಪೆಡಲು ತುಳಿಯುವಂತೆ ಮೆಲ್ಲಗೆ ಆಡಿಸುತ್ತಿದ್ದರು. ಕಾಲು ನಿಂತಿತೆಂದರೆ ಮೀನು ಮುಟ್ಟಿದೆ ಎಂದು ನಮಗೆಲ್ಲ ಗೊತ್ತಾಗುತ್ತಿತ್ತು. ಅವರಿಗೆ ಗೊತ್ತಾಗುವ ಮೊದಲೇ ಅವರ ಕಾಲಿಗೆ ಗೊತ್ತಾಗುತ್ತದೆ ಎಂದು ಮೇಸ್ತ್ರಿ ಹೇಳುತ್ತಿದ್ದರು.

ನಮ್ಮ ಬಂಡೆಯ ಸಂದಿಗಳಲ್ಲಿ ಮುರು ಮೀನು ಇರುತ್ತದೆ. ದೊಡ್ಡ ಬಾಯಿ, ಮೈತುಂಬ ಕಲೆ, ಗುಂಡನೆಯ ಬಾಲ. ಸಾರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ವಾದ ಶುರುವಾದದ್ದು ಒಂದು ಚಿತ್ರದಿಂದ. ಎಲ್ಲಿಂದಲೋ ಬಂದ ನಾಲ್ಕು ಜನ ಒಂದು ಶನಿವಾರ ಪೂರ್ತಿ ನಮ್ಮ ಬಂಡೆಯಲ್ಲಿ ಗಾಳ ಹಾಕಿ, ಅಂಗೈಯಷ್ಟುದ್ದದ ಮುರು ಮರಿಗಳನ್ನು ರಾಶಿ ಹಾಕಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಬಿಟ್ಟಿದ್ದರು. ಮ್ಯಾನೇಜರರು ಅದನ್ನು ನಮ್ಮ ಗುಂಪಿಗೆ ಕಳಿಸಿ ‘ಅಬ್ಬಾ’ ಎಂದು ಬರೆದಿದ್ದರು, ಮೆಚ್ಚಿಗೆಯ ಅಬ್ಬಾ. ಆ ಭಾನುವಾರ ಟೈಲರ್ ಗಾಳವನ್ನೇ ಬಿಚ್ಚಲಿಲ್ಲ.

ಅವರ ಬೇಡಿಕೆ ಎರಡು. ಹದಿಮೂರು ಇಂಚಿಗೆ ಕಡಿಮೆಯಿರುವ ಮುರುವನ್ನು ನಾವು ನೀರಿಗೆ ಬಿಡಬೇಕು. ದಿನಕ್ಕೆ ಇಷ್ಟೇ ಎಂದು ಮಿತಿ ಇರಬೇಕು. ಹದಿಮೂರೇ ಏಕೆಂದರೆ, ವರ್ಷಗಟ್ಟಲೆ ತಾನೇ ಮೀನು ಕೊಯ್ದು ನೋಡಿದ್ದಾರಂತೆ. ಅದಕ್ಕಿಂತ ಸಣ್ಣದರ ಹೊಟ್ಟೆಯಲ್ಲಿ ಒಮ್ಮೆಯೂ ಮೊಟ್ಟೆ ಕಂಡಿಲ್ಲವಂತೆ. “ಒಂದು ಸಲ ಆದರೂ ಮೊಟ್ಟೆ ಇಡಲಿ. ಮತ್ತೆ ನಮ್ಮ ಸಾರಿಗೆ ಬರಲಿ,” ಎಂದರು.

ಮ್ಯಾನೇಜರರು ಸುಮ್ಮನಿರುವವರಲ್ಲ. ದೊಡ್ಡ ಬೋಟುಗಳು ರಾತ್ರಿ ಬೆಳಗಾಗುವುದರೊಳಗೆ ಸಮುದ್ರವನ್ನೇ ಬಾಚುತ್ತವೆ, ಅವರ ಬಲೆಗೆ ಬಿದ್ದ ಮರಿಗಳ ಮುಂದೆ ನಮ್ಮ ಎಂಟು ಕೊಕ್ಕೆ ಯಾವ ಲೆಕ್ಕ, ನಾವು ಬಿಟ್ಟ ಮೀನನ್ನು ನಾಳೆ ಬೀಸುಬಲೆಯವರು ಹಿಡಿಯುತ್ತಾರೆ, ಹವ್ಯಾಸಕ್ಕೆ ಗಾಳ ಹಾಕುವವರಿಗೆ ಇಷ್ಟೇ ಹಿಡಿಯಿರಿ ಎಂದು ಯಾರೂ ಬಂದು ಹೇಳಿಲ್ಲ, ನಾವಾಗಿ ನಮ್ಮ ಕೈ ಕಟ್ಟಿಕೊಳ್ಳುವುದು ಯಾವ ಬುದ್ಧಿವಂತಿಕೆ, ಎಂದು ಒಂದೊಂದಾಗಿ ಬೆರಳು ಮಡಚಿ ಹೇಳಿದರು. ವಾದದಲ್ಲಿ ತೂಕವಿತ್ತು. ನಾನು ಎಲ್ಲವನ್ನೂ ಬರೆದುಕೊಂಡೆ.

ಟೈಲರ್ ಪೂರ್ತಿ ಕೇಳಿಸಿಕೊಂಡು, “ಬೋಟಿನವರ ಅಳತೆ ನನ್ನ ಹತ್ತಿರ ಇಲ್ಲ,” ಎಂದರು. “ನಿಮ್ಮದು ಉಂಟು.”

ನಿಜವಾಗಿಯೂ ಇತ್ತು. ಮ್ಯಾನೇಜರರ ಪ್ಯಾಂಟುಗಳನ್ನು ಇಪ್ಪತ್ತು ವರ್ಷ ಹೊಲಿದವರು ಅವರೇ. ಸೊಂಟದ ಅಳತೆ ಎಷ್ಟರಿಂದ ಎಷ್ಟಕ್ಕೆ ಏರಿತೆಂದು ಕಂಠಪಾಠವಾಗಿ ಹೇಳಬಲ್ಲವರು. ಆ ದಿನ ಹೇಳಲಿಲ್ಲ. ಹೇಳಬಹುದು ಎಂಬುದೇ ಸಾಕಾಯಿತು.

ಮಿತಿಯ ಪ್ರಶ್ನೆ ಬೇಗ ಮುಗಿಯಿತು. ತಲೆಗೆ ಐದು ಮೀನು ಎಂದರು ಮ್ಯಾನೇಜರರು. ಎಲ್ಲರಿಗೂ ಎರಡು ಎಂದೆ ನಾನು, ಎಲ್ಲರಿಗೂ ಒಂದೇ ನಿಯಮವಾದರೆ ಬರೆಯಲು ಸುಲಭವೆಂದು. ಮೇಸ್ತ್ರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರು ಎದ್ದು ನಿಂತು, “ನಿಮಗ ಇದು ಆಟ ಐತ್ರೀ, ನನಗ ಭಾನುವಾರದ ಊಟ,” ಎಂದರು. ಆಗ ಟೈಲರ್ ಒಬ್ಬೊಬ್ಬರನ್ನೇ ಕೇಳಿದರು, ಮನೆಯಲ್ಲಿ ಊಟಕ್ಕೆ ಎಷ್ಟು ತಟ್ಟೆ ಹಾಕುತ್ತೀರಿ ಎಂದು. ಅಂಗಡಿಯಲ್ಲೂ ಅವರ ಕ್ರಮ ಅದೇ. ಬಟ್ಟೆ ಹೆಚ್ಚು ತಂದವರಿಗೆ ಇಷ್ಟು ಬೇಡ ಎಂದು ಉಳಿದ ತುಂಡನ್ನು ಮಡಚಿ ವಾಪಸು ಕೊಡುತ್ತಿದ್ದರು. ಮೇಸ್ತ್ರಿಯ ಮನೆಯಲ್ಲಿ ಆರು ತಟ್ಟೆ. ಮ್ಯಾನೇಜರರ ಮನೆಯಲ್ಲಿ ಎರಡು. ಎರಡು ತಟ್ಟೆಗೆ ಒಂದು ಮೀನು, ಯಾರಿಗೂ ಮೂರಕ್ಕಿಂತ ಹೆಚ್ಚಿಲ್ಲ ಎಂದು ತೀರ್ಮಾನವಾಯಿತು.

“ಹಾಗಾದರೆ ನನಗೆ ಒಂದೇ ಮೀನಾ?” ಎಂದರು ಮ್ಯಾನೇಜರರು.

“ನೀವೂ ಅಕ್ಕನೂ ಇಬ್ಬರೇ ಅಲ್ವಾ? ಒಂದು ಸಾಕು. ತಲೆ ಅಕ್ಕನಿಗೆ ಕೊಡಿ,” ಎಂದರು ಟೈಲರ್.

ಒಬ್ಬೊಬ್ಬರಿಗೆ ಒಂದೊಂದು ನಿಯಮವೆಂದರೆ ನನಗೆ ಆಗದು. ಆದರೂ ರಿಜಿಸ್ಟರಿನ ಕೊನೆಯ ಪುಟದಲ್ಲಿ ಗೆರೆ ಎಳೆದು, ತಟ್ಟೆಗಳ ಪಟ್ಟಿ ಬರೆದೆ.

ಉದ್ದದ ಪ್ರಶ್ನೆ ಮಾತ್ರ ಮುಗಿಯಲೇ ಇಲ್ಲ. ಮ್ಯಾನೇಜರರು ನಿಯಮವೇ ಬೇಡವೆಂಬಲ್ಲಿಂದ ಹತ್ತು ಇಂಚಿಗೆ ಬಂದರು, ಹತ್ತರಿಂದ ಹನ್ನೆರಡಕ್ಕೆ ಬಂದು ಅಲ್ಲೇ ಕುಳಿತರು. ಟೈಲರ್ ಹದಿಮೂರು ಬಿಟ್ಟು ಅಲುಗಲಿಲ್ಲ. ಹೆಜಮಾಡಿಯಿಂದ ಕಲ್ಯಾಣಪುರದವರೆಗೆ ಹವ್ಯಾಸದ ಗಾಳದವರು ಇರುವಲ್ಲೆಲ್ಲ ಬಸ್ಸಿನಲ್ಲಿ ಹೋಗಿ, ಅವರು ಹಿಡಿದ ಮುರುವಿನ ಹೊಟ್ಟೆಯನ್ನು ಬಗ್ಗಿ ನೋಡಿ ಬಂದರು. ಸ್ವರ್ಣಾ ನದಿಯ ಬದಿಯಲ್ಲಿ ಒಬ್ಬ, ಇವರು ಮೀನು ಕದಿಯಲು ಬಂದವರೆಂದು ತಿಳಿದು ಕೊಡೆ ಎತ್ತಿದನಂತೆ. ಅದನ್ನೂ ನಗುತ್ತಾ ಹೇಳಿದರು.

ಮಳೆಗಾಲಕ್ಕೆ ಮೊದಲಿನ ಕೊನೆಯ ಭಾನುವಾರ ಮತಕ್ಕೆ ಹಾಕಿದೆವು. ಹನ್ನೆರಡಕ್ಕೆ ಮೂವರು, ಹದಿಮೂರಕ್ಕೆ ಮೂವರು, ಒಬ್ಬರು ಬಂದಿರಲಿಲ್ಲ. ಉಳಿದದ್ದು ನನ್ನ ಕೈ. ಟೈಲರ್ ನನ್ನನ್ನೇ ನೋಡುತ್ತಿದ್ದರು. ಬಲಗಾಲು ನಿಂತಿತ್ತು.

ನಾನು ಹನ್ನೆರಡಕ್ಕೆ ಎತ್ತಿದೆ. ಕಾರಣ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹನ್ನೆರಡು ಇಂಚೆಂದರೆ ಒಂದು ಅಡಿ. ಅಚ್ಚುಕಟ್ಟು. ಹದಿಮೂರು ಎಂದರೆ ಒಂದು ಅಡಿ ಒಂದು ಇಂಚು. ಮೀನಿನ ಹೊಟ್ಟೆಯಲ್ಲಿ ಏನಿರುತ್ತದೆ ಎಂಬುದು ಆ ಕ್ಷಣ ನನ್ನ ತಲೆಯಲ್ಲಿ ಇರಲಿಲ್ಲ. ಪುಟ ಹೇಗೆ ಕಾಣುತ್ತದೆ ಎಂಬುದು ಇತ್ತು.

ಅವರು ಬೇಸರ ತೋರಿಸಲಿಲ್ಲ. ಕಾಲು ಮತ್ತೆ ಆಡತೊಡಗಿತು. “ಆಯ್ತು ಸಿಸ್ಟರ್, ಬರೆದಾಯ್ತಲ್ಲ,” ಎಂದರು. “ಅಳತೆಪಟ್ಟಿ ನಾನು ಹೊಲಿದು ಕೊಡ್ತೇನೆ.”

ಮಳೆಗಾಲ ಕಳೆದ ಮೊದಲ ಭಾನುವಾರ ಪಟ್ಟಿ ಬಂತು. ಎರಡು ಅಡಿ ಉದ್ದದ ದಪ್ಪ ಹಸಿರು ಕ್ಯಾನ್ವಾಸು. ಅದರ ಮೇಲೆ ಅಂಗಡಿಯಲ್ಲಿ ಬಳಸುತ್ತಿದ್ದಂಥ ಹಳದಿ ಟೇಪನ್ನು ನೇರವಾಗಿ ಹೊಲಿದಿದ್ದರು. ಹನ್ನೆರಡರ ಗೆರೆಯ ಮೇಲೆ ಕೆಂಪು ದಾರದ ಅಡ್ಡ ಹೊಲಿಗೆ. ಒಂದು ತುದಿಯಲ್ಲಿ ಅಂಗಿಯ ಜೇಬಿನಂಥ ಒಂದು ಜೇಬು. ಟೇಪು ಅದರೊಳಗಿನಿಂದ ಹೊರಗೆ ಬರುತ್ತಿತ್ತು. ಮೀನಿನ ಮೂತಿಯನ್ನು ಜೇಬಿನ ತಳ ಮುಟ್ಟುವವರೆಗೆ ತೂರಿಸಬೇಕು, ಬಾಲ ಎಲ್ಲಿಗೆ ಬರುತ್ತದೆಂದು ನೋಡಬೇಕು. ಜೇಬು ಯಾಕೆಂದು ಕೇಳಿದ್ದಕ್ಕೆ, ಕಣ್ಣಿಗೆ ಕತ್ತಲಾದರೆ ಮೀನು ಒದ್ದಾಡುವುದಿಲ್ಲ, ಬಿಡುವುದಾದರೆ ನೋವಿಲ್ಲದೆ ಬಿಡಬಹುದು ಎಂದರು. ಮಾಡಿ ನೋಡಿದೆವು. ಒದ್ದಾಡಲಿಲ್ಲ. ಎಲ್ಲರೂ ಮೆಚ್ಚಿದೆವು. ಮ್ಯಾನೇಜರರು ಸಹ ಹೊಲಿಗೆಯನ್ನು ಬೆರಳಲ್ಲಿ ಸವರಿ ತಲೆದೂಗಿದರು.

ನಾಲ್ಕು ವರ್ಷ ಆ ಪಟ್ಟಿಯಲ್ಲೇ ಅಳೆದೆವು. ಪ್ರತಿ ಮೀನಿನ ಉದ್ದವೂ ರಿಜಿಸ್ಟರಿನಲ್ಲಿದೆ. ಮೀನು ಹೆಚ್ಚಾಯಿತೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಎಂಟು ಕೊಕ್ಕೆಯಿಂದ ಸಮುದ್ರ ಬರಿದಾಗುವುದೂ ಇಲ್ಲ, ತುಂಬುವುದೂ ಇಲ್ಲ ಎನ್ನುವ ಮ್ಯಾನೇಜರರ ಮಾತನ್ನು ಅಲ್ಲಗಳೆಯಲು ನನ್ನಲ್ಲಿ ಕಾಗದವಿಲ್ಲ. ಆದರೆ ಅವರ ಕಷ್ಟ ನೋಡುವಂತಿತ್ತು. ಅವರಿಗೆ ಸಿಗುವ ಮುರು ಯಾವಾಗಲೂ ಕೆಂಪು ದಾರಕ್ಕೆ ಒಂದು ಬೆರಳು ಕಡಿಮೆ. ಒಮ್ಮೆ ಹನ್ನೊಂದು ಮುಕ್ಕಾಲಿನದೊಂದು ಸಿಕ್ಕಿತು. ಬಾಲವನ್ನು ಒದ್ದೆ ಕೈಯಿಂದ ಬಾಚಿದರು, ನೀವಿದರು, ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಎಳೆದರು.

“ಮೀನಿಗೆ ಇಸ್ತ್ರಿ ಹಾಕಬೇಡಿ ಮಾರಾಯ್ರೆ,” ಎಂದರು ಟೈಲರ್.

ಮೀನು ನೀರಿಗೆ ಹೋಯಿತು. ಮ್ಯಾನೇಜರರು ಎರಡು ವಾರ ಅವರ ಪಕ್ಕ ಕೂರಲಿಲ್ಲ. ಮೂರನೆಯ ವಾರ ಹರಿದ ಪ್ಯಾಂಟೊಂದನ್ನು ಹಿಡಿದುಕೊಂಡು ಬಂದು ಪಕ್ಕದಲ್ಲೇ ಕುಳಿತರು.

ಟೈಲರ್ ತನ್ನ ಮೀನನ್ನು ತಾನು ಅಳೆಯುತ್ತಿರಲಿಲ್ಲ. ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ಮುಖ ತಿರುಗಿಸಿ, ಅಂಕಿ ಹೇಳಿ ಎನ್ನುತ್ತಿದ್ದರು. ಹೋದ ವರ್ಷ ಅವರ ಮಗಳ ಕಡೆಯ ನೆಂಟರು ಮುಂಬಯಿಯಿಂದ ಬಂದಿದ್ದರು. ತಾನೇ ಹಿಡಿದ ಮುರುವಿನ ಸಾರು ಬಡಿಸುತ್ತೇನೆಂದು ಹಿಂದಿನ ದಿನವೇ ಹೇಳಿಬಿಟ್ಟಿದ್ದರು. ಬೆಳಿಗ್ಗೆ ಒಂಬತ್ತರವರೆಗೆ ಏನೂ ಸಿಗಲಿಲ್ಲ. ಒಂಬತ್ತೂಕಾಲಿಗೆ ಕಾಲು ನಿಂತಿತು. ದಷ್ಟಪುಷ್ಟ ಮುರು ಬಂತು. ನಾನು ಅಳೆದೆ. ಹನ್ನೊಂದೂವರೆ. ಮೇಸ್ತ್ರಿ ಆಕಾಶ ನೋಡಿದರು. ಮ್ಯಾನೇಜರರು ತಾವಾಗಿ, ಇವತ್ತೊಂದು ದಿನ ಇರಲಿ, ಯಾರೂ ನೋಡಿಲ್ಲ, ಮೇಡಂ ಬರೆಯುವುದು ಬೇಡ ಎಂದರು. ನಾನು ಪೆನ್ನಿನ ಮುಚ್ಚಳ ಹಾಕಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಟೈಲರ್ ಆ ಮೀನನ್ನು ಎರಡು ಕೈಯಲ್ಲಿ ಹಿಡಿದು, ಕಿರಿಗಣ್ಣಿನಿಂದ ಒಮ್ಮೆ ಉದ್ದಕ್ಕೂ ನೋಡಿ, ಬಗ್ಗಿ ನೀರಿಗೆ ಬಿಟ್ಟರು. ಆಮೇಲೆ “ಬರೆಯಿರಿ ಸಿಸ್ಟರ್,” ಎಂದರು.

ಮನೆಗೆ ಹೋಗುವ ದಾರಿಯಲ್ಲಿ ಮಾರ್ಕೆಟಿನ ಬಳಿ ಇಳಿದು ಮೀನು ಕೊಂಡರು. ನಾನೂ ಜತೆಗಿದ್ದೆ. ಅವರನ್ನು ಬಲ್ಲ ಮೀನು ಮಾರುವವಳೊಬ್ಬಳು, ಬುಟ್ಟಿಯ ಮೇಲಿನ ಎಲೆ ಸರಿಸುತ್ತಾ, “ಎಂತ ಟೈಲರೇ, ಬೆಳಿಗ್ಗೆಯಿಂದ ಸಮುದ್ರದಲ್ಲಿ ಕೂತು ಈಗ ನನ್ನ ಬುಟ್ಟಿಗೆ ಗಾಳ ಹಾಕುದಾ?” ಎಂದಳು. ಸುತ್ತಲಿನ ನಾಲ್ಕು ಬುಟ್ಟಿಗಳೂ ನಕ್ಕವು. ಅವರು ಒಂದು ಅಂಜಲ್ ಆರಿಸಿ, ಇದು ಅಳತೆಗೆ ಸರಿಯುಂಟು ಎಂದು ಗಂಭೀರವಾಗಿ ಹೇಳಿದರು. ನೆಂಟರಿಗೆ ಅದನ್ನು ತಾನೇ ಹಿಡಿದದ್ದೆಂದು ಹೇಳಲಿಲ್ಲವಂತೆ. ಹೇಳಿದ್ದರೂ ನಂಬುತ್ತಿರಲಿಲ್ಲ, ಆಗಲೇ ತುಂಡು ಮಾಡಿಸಿಯಾಗಿತ್ತು.

ಮಂಗಳವಾರ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾನು ಹೋಗಿ ನೋಡಿದೆ. ತಾನೇ ಹೊಲಿದ ಬಿಳಿ ಅಂಗಿ ಹಾಕಿದ್ದರು. ಕಾಲರಿನ ಪಿನ್ನುಗಳನ್ನು ಯಾರೋ ತೆಗೆದಿದ್ದರು. ರೂಢಿಯಂತೆ ಅಂಗಿಯ ಅಂಚು ಎಳೆದು ಸರಿಮಾಡಿ ಬಂದೆ.

ಈ ಭಾನುವಾರದ ಸಭೆಯಲ್ಲಿ ತೀರ್ಮಾನವಾದದ್ದು ಹೀಗೆ. ಪಟ್ಟಿ ಉಪ್ಪುನೀರಿಗೆ ಸವೆದಿದೆ. ಅದನ್ನು ತೊಳೆದು ನೆನಪಿಗೆ ಇಟ್ಟುಕೊಳ್ಳುವುದು. ಅಳತೆಗೆ ಪ್ಲಾಸ್ಟಿಕ್ಕಿನ ಹೊಸ ಬೋರ್ಡು ಮಾಡಿಸುವುದು. ಬೋರ್ಡು ಮಾಡಿಕೊಡುವ ಮಣಿಪಾಲದ ಅಂಗಡಿಗೆ ಸಂಜೆಯೊಳಗೆ ಸರಿಯಾದ ಅಳತೆ ಕಳಿಸುವ ಕೆಲಸ ನನ್ನದು.

ಹನ್ನೊಂದಕ್ಕೆ ಮನೆ ಸೇರಿದೆ. ಊಟ ಮುಗಿಸಿ ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸಾಬೂನು ಹಾಕಿ ಉಜ್ಜಿದೆ. ಎರಡು ಸಲ ತೊಳೆದರೂ ಜೇಬಿನ ಒಳಗಿನ ವಾಸನೆ ಹೋಗಲಿಲ್ಲ. ಹುರುಪೆಗಳು ಸೇರಿಕೊಂಡಿದ್ದವು. ವಾರ್ಡಿನಲ್ಲಾಗಿದ್ದರೆ ಇಂಥ ಕೊಳೆಗೆ ನಾನು ಯಾರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಬ್ಲೇಡು ತೆಗೆದುಕೊಂಡು ಜೇಬಿನ ಮೂರು ಬದಿಯ ಹೊಲಿಗೆ ಬಿಚ್ಚಿದೆ.

ಟೇಪಿನ ಆರಂಭದ ತುದಿ ಜೇಬಿನ ತಳದಲ್ಲಿ ಇರಬೇಕಿತ್ತು. ಇರಲಿಲ್ಲ. ತಳದಿಂದ ಈಚೆಗೆ ಬರಿಯ ಕ್ಯಾನ್ವಾಸು, ಆಮೇಲೆ ಟೇಪು. ಉಕ್ಕಿನ ಸ್ಕೇಲು ತಂದು ಇಟ್ಟೆ. ಸರಿಯಾಗಿ ಒಂದು ಇಂಚು. ಮೂತಿ ತಳ ಮುಟ್ಟುವಾಗ ಮೀನಿನ ಮೊದಲ ಒಂದು ಇಂಚು ಲೆಕ್ಕಕ್ಕೇ ಬರುತ್ತಿರಲಿಲ್ಲ. ಕೆಂಪು ದಾರದ ಹನ್ನೆರಡು, ನಿಜದಲ್ಲಿ ಹದಿಮೂರು.

ಕೈತಪ್ಪೇ ಎಂದು ಯೋಚಿಸಿದೆ. ಪ್ರತಿ ತಿಂಗಳು ಟೇಪನ್ನು ಕಬ್ಬಿಣಕ್ಕೆ ಹಿಡಿದು ನೋಡಿದ ಮನುಷ್ಯ. ಟೇಪಿನ ಆ ತುದಿಗೆ ಎರಡು ಸಾಲು ಹೊಲಿಗೆ ಹಾಕಿ, ಮೂಲೆಗಳನ್ನು ಗಂಟು ಹಾಕಿ ಭದ್ರ ಮಾಡಿದ್ದರು. ಹುಡುಗಿಯರ ಲಂಗದ ಅಂಚಿನಲ್ಲಿ ನನಗೆ ಕಾಣದಂತೆ ಮಡಚಿದ ಇಂಚು ನೆನಪಾಯಿತು. ಮತದಲ್ಲಿ ಸೋತವರು ಪಟ್ಟಿ ಹೊಲಿಯಲು ತಾವಾಗಿಯೇ ಅಷ್ಟು ಬೇಗ ಮುಂದೆ ಬಂದದ್ದು ಯಾಕೆಂದು 2:40ಕ್ಕೆ, ಅಡುಗೆಮನೆಯ ಮೇಜಿನ ಮುಂದೆ ನಿಂತು, ತಿಳಿಯಿತು.

ಮೊದಲು ಬಂದದ್ದು ಸಿಟ್ಟು. ನಾಲ್ಕು ವರ್ಷದ ರಿಜಿಸ್ಟರು, ಪ್ರತಿ ಸಾಲೂ ತಪ್ಪು. ಮೂವತ್ತೈದು ವರ್ಷದಲ್ಲಿ ಒಂದು ಜ್ವರದ ಅಂಕಿಯನ್ನೂ ತಪ್ಪಾಗಿ ಬರೆದವಳಲ್ಲ ನಾನು. ಹತ್ತು ನಿಮಿಷ ಕುಳಿತು, ನೀರು ಕುಡಿದು, ಮ್ಯಾನೇಜರರಿಗೆ ಫೋನು ಮಾಡಿದೆ. ಹನ್ನೆರಡನ್ನು ಸೂಚಿಸಿದವರು ಅವರು. ಅವರಿಗೆ ತಿಳಿಸಬೇಕಾದದ್ದು ಕ್ರಮ. ಮಧ್ಯಾಹ್ನದ ನಿದ್ದೆಯಿಂದ ಎದ್ದು, ಹೇಳಿದ್ದನ್ನೆಲ್ಲ ಕೇಳಿದರು.

“ಹಾಗಾದರೆ ನನ್ನ ಆ ಹನ್ನೊಂದು ಮುಕ್ಕಾಲು?”

“ಹನ್ನೆರಡು ಮುಕ್ಕಾಲು. ಪಾಸಾಗಿತ್ತು.”

“ಅವರದ್ದು? ನೆಂಟರು ಬಂದ ದಿನದ್ದು?”

“ಹನ್ನೆರಡೂವರೆ. ಅದೂ ಪಾಸು.”

“ಅದು ಅವರಿಗೆ ಗೊತ್ತಿತ್ತು,” ಎಂದರು ಮ್ಯಾನೇಜರರು. “ಗೊತ್ತಿದ್ದೂ ಬಿಟ್ಟು, ಬುಟ್ಟಿಯಿಂದ ಅಂಜಲ್ ತಂದದ್ದಾ ಮಾರಾಯ್ತಿ?” ಅಷ್ಟು ವರ್ಷಗಳಲ್ಲಿ ಮೇಡಂ ಎಂದೇ ಕರೆದವರು ಮೊದಲ ಬಾರಿ ಹಾಗೆ ಕರೆದರು. ನಾನು ತಿದ್ದಲಿಲ್ಲ.

ಮುಂದಿನ ಭಾನುವಾರ ಎಲ್ಲರ ಮುಂದಿಟ್ಟು, ನಿಯಮವನ್ನೇ ಹದಿಮೂರು ಎಂದು ತಿದ್ದಿ ಬರೆಯೋಣವೇ ಎಂದು ಕೇಳಿದೆ.

“ಬೇಡ. ನೀವು ಹದಿಮೂರು ಅಂತ ಬರೆದರೆ ನಾನೇ ಎದ್ದು ನಿಂತು ಹನ್ನೆರಡು ಕೇಳ್ತೇನೆ. ನನ್ನ ಸ್ವಭಾವ ನಿಮಗೆ ಗೊತ್ತುಂಟಲ್ಲ.” ಅವರ ಮನೆಯ ಫ್ಯಾನಿನ ಸದ್ದು ಕೇಳುತ್ತಿತ್ತು. “ಮೇಡಂ, ಆ ಹೊಸ ಬೋರ್ಡಿಗೆ ಜೇಬು ಉಂಟಾ?”

ಇಲ್ಲ ಎಂದೆ. ಹಾಗಾದರೆ ಎಂತಕ್ಕೆ ಅದು ಎಂದು ಹೇಳಿ ಫೋನಿಟ್ಟರು.

ನನ್ನ ವಿಷಯ ಹೇಳಿ ಮುಗಿಸುತ್ತೇನೆ. ಅಂದು ಬಂಡೆಯ ಮೇಲೆ ಎತ್ತಿದ ಕೈಯನ್ನು ಇಳಿಸಲು ನನಗೆ ಅವಕಾಶವಿರಲಿಲ್ಲ. ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸ ನನಗಿಲ್ಲ. ತಪ್ಪಾದರೆ ಕೆಳಗೆ ಹೊಸ ಸಾಲು ಬರೆಯುವುದೇ ಕ್ರಮ. ಇದನ್ನು ಓದುವ ಉಳಿದ ಸದಸ್ಯರಿಗೆ ಆಕ್ಷೇಪವಿದ್ದರೆ ಲಿಖಿತವಾಗಿ ಕೊಡಬಹುದು. ಮೇಸ್ತ್ರಿಯ ಮನೆಯ ಆರು ತಟ್ಟೆಗಳ ಮಾತು ಬೇರೆ. ಅವರ ಅಭಿಪ್ರಾಯವನ್ನು ನಾನೇ ಹೋಗಿ ಕೇಳುತ್ತೇನೆ.

3:30ಕ್ಕೆ ಮಣಿಪಾಲದ ಅಂಗಡಿಗೆ ಫೋನು ಮಾಡಿ, ಬೋರ್ಡು ಬೇಡ ಎಂದೆ. 3:40ಕ್ಕೆ ದಬ್ಬಳ ಮತ್ತು ದಪ್ಪ ದಾರ ತೆಗೆದು, ಜೇಬನ್ನು ಇದ್ದ ಜಾಗದಲ್ಲೇ ಇಟ್ಟು, ಅವರ ಸೂಜಿ ಹಾದುಹೋದ ತೂತುಗಳಲ್ಲೇ ದಾರ ತೂರಿಸುತ್ತಾ ಹೊಲಿದೆ. ನನ್ನ ಹೊಲಿಗೆ ಅವರದರಷ್ಟು ನೇರವಿಲ್ಲ. ತುದಿಯ ಇಂಚನ್ನು ಹಾಗೆಯೇ ಬಿಟ್ಟೆ. ಅಂಗಳದ ತಂತಿಗೆ ಎರಡು ಕ್ಲಿಪ್ಪು ಹಾಕಿ ಒಣಗಲು ತೂಗುಹಾಕಿದೆ.

5:10ಕ್ಕೆ ರಿಜಿಸ್ಟರು ತೆರೆದು, ಬೆಳಗಿನ ಸಭೆಯ ಕೆಳಗೆ ಕೊನೆಯ ಸಾಲು ಬರೆದು ಮುಚ್ಚಿದೆ:

ಪಟ್ಟಿ ತೊಳೆದಿದೆ. ಜೇಬು ಹೊಲಿದಿದೆ. ಅಳತೆ ಹಿಂದಿನಂತೆ.